ಪೇಟೆಂಟ್ ಸಿಕ್ಕಿತು, ಗಿರಾಕಿ ಎಲ್ಲಿ?

ಸಂಶೋಧಕರ ಆವಿಷ್ಕಾರಗಳನ್ನು ಮಾರುಕಟ್ಟೆಗೆ ತಲುಪಿಸುವ ಕಾರ್ಯಕ್ರಮಗಳು ಇಂದು ಅನೇಕ ವಿಶ್ವವಿದ್ಯಾಲಯಗಳಲ್ಲಿವೆ. ಒಂದು ಕಾಲಕ್ಕೆ ಅಧ್ಯಾಪಕರು ಪೇಟೆಂಟ್ ಪಡೆಯುವುದೇ ಸಂಕೋಚದ ವಿಷಯವಾಗಿತ್ತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ ಹಾಲಿನ ಕೊಬ್ಬಿನಂಶ ಅಳೆಯುವ ವಿಧಾನ ಕಂಡುಹಿಡಿದಾಗ, ಅದಕ್ಕೆ ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್ ಬೇರೆ ದಾರಿ ಹಿಡಿದರು. ಆಹಾರವನ್ನು ಅತಿನೇರಳೆ ಬೆಳಕಿಗೆ ಒಡ್ಡಿದರೆ ಅದರಲ್ಲಿ ವಿಟಮಿನ್ ಡಿ ಹೆಚ್ಚುತ್ತದೆ, ಮಕ್ಕಳ ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗ ತಡೆಯಬಹುದು ಎಂಬುದನ್ನು ತೋರಿಸಿದ ಅವರು, ಸ್ವಂತ ಜೇಬಿನಿಂದ 300 ಡಾಲರ್ ಹಾಕಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. ಅದರ ಹಕ್ಕನ್ನು ನೋಡಿಕೊಳ್ಳಲು ಹಳೆಯ ವಿದ್ಯಾರ್ಥಿಗಳು 1925ರಲ್ಲಿ ಪ್ರತ್ಯೇಕ ಪ್ರತಿಷ್ಠಾನವನ್ನೇ ಕಟ್ಟಿದರು; ಬಂದ ಹಣ ಮತ್ತೆ ಸಂಶೋಧನೆಗೇ ಹೋಗಬೇಕೆಂಬುದು ಅದರ ನಿಯಮ.

ಆದರೆ ಪೇಟೆಂಟ್ ಇದ್ದಮಾತ್ರಕ್ಕೆ ಅದನ್ನು ಕೊಳ್ಳುವವರು ತಾವಾಗಿ ಬರುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನೀಲ್ಸ್ ರೈಮರ್ಸ್ 1970ರಲ್ಲಿ ಆರಂಭಿಸಿದ, ಆವಿಷ್ಕಾರ ಬಳಸಲು ಕಂಪನಿಗಳಿಗೆ ಹಣ ಪಡೆದು ಅನುಮತಿ ಕೊಡುವ ತಂತ್ರಜ್ಞಾನ ಪರವಾನಗಿ ಕಚೇರಿ ಇದನ್ನು ಅರಿತಿತ್ತು. ಕಾಗದಪತ್ರಕ್ಕಿಂತ ಕಂಪನಿಗಳನ್ನು ಹುಡುಕುವುದೇ ಅದರ ಮುಖ್ಯ ಕೆಲಸ. ವಿಜ್ಞಾನಿಗಳಾದ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ಒಂದು ಜೀವಿಯ ಡಿಎನ್ಎ ತುಣುಕನ್ನು ಇನ್ನೊಂದರ ಡಿಎನ್ಎಗೆ ಜೋಡಿಸಿದ ಸುದ್ದಿಯನ್ನು ರೈಮರ್ಸ್ ಓದಿದ್ದು ಪತ್ರಿಕೆಯಲ್ಲಿ. ಸಂಶೋಧನಾ ಪ್ರಬಂಧ ಆಗಲೇ ಪ್ರಕಟವಾಗಿತ್ತು, ವಿಜ್ಞಾನಿಗಳಿಗೆ ಪೇಟೆಂಟ್‌ನಲ್ಲಿ ಆಸಕ್ತಿಯೂ ಇರಲಿಲ್ಲ. ಪ್ರಬಂಧ ಪ್ರಕಟವಾದ ಮೇಲೆ ಅರ್ಜಿ ಹಾಕಲು ಇದ್ದ ಒಂದು ವರ್ಷದ ಗಡುವು ಮುಗಿಯುವ ಕೆಲವೇ ದಿನಗಳ ಮುನ್ನ, 1974ರ ನವೆಂಬರ್‌ನಲ್ಲಿ, ಅರ್ಜಿ ಸಲ್ಲಿಕೆಯಾಯಿತು. ಮುಂದೆ ಈ ಪೇಟೆಂಟ್‌ಗಳಿಂದ ಬಂದ ಆದಾಯ 25 ಕೋಟಿ ಡಾಲರ್ ದಾಟಿತು.

ಸರ್ಕಾರಿ ಹಣದಲ್ಲಿ ನಡೆದ ಸಂಶೋಧನೆಯ ಕಥೆ ಬೇರೆ. ಅಲ್ಲಿ ಹಕ್ಕು ಬಹುಮಟ್ಟಿಗೆ ಅಮೆರಿಕ ಸರ್ಕಾರದ ಬಳಿಯೇ ಉಳಿಯುತ್ತಿತ್ತು. ಹಾಗೆ ಉಳಿದ ಸುಮಾರು 28,000 ಪೇಟೆಂಟ್‌ಗಳಲ್ಲಿ ಕಂಪನಿಗಳು ಬಳಸಲು ಪರವಾನಗಿ ಪಡೆದದ್ದು ಶೇ. 5ಕ್ಕೂ ಕಡಿಮೆ. 1980ರ ಬೇ-ಡೋಲ್ ಕಾಯ್ದೆ ಆ ಹಕ್ಕನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು, ಪರವಾನಗಿ ಕಚೇರಿಗಳು ಸಾಲುಸಾಲಾಗಿ ಹುಟ್ಟಿಕೊಂಡವು.

ಹಕ್ಕಿನ ಪ್ರಶ್ನೆ ಬಗೆಹರಿದ ಮೇಲೆ ಮಧ್ಯದ ಕಂದಕ ಎದ್ದು ಕಾಣತೊಡಗಿತು. ಪ್ರಯೋಗಾಲಯದ ಮೇಜಿನ ಮೇಲೆ ಒಮ್ಮೆ ಕೆಲಸ ಮಾಡಿದ ಉಪಕರಣಕ್ಕೆ ಸಂಶೋಧನಾ ಅನುದಾನ ಮುಗಿದಿರುತ್ತದೆ, ಹೂಡಿಕೆದಾರನಿಗೆ ಅದಿನ್ನೂ ತೀರಾ ಹಸಿ. ಈ ‘ಸಾವಿನ ಕಣಿವೆ’ ದಾಟಿಸಲೆಂದೇ ಉದ್ಯಮಿ ಗುರುರಾಜ್ ದೇಶಪಾಂಡೆ ದಂಪತಿಯ ದೇಣಿಗೆಯಿಂದ 2002ರಲ್ಲಿ ಅಮೆರಿಕದ ಎಂಐಟಿ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ)ಯ ದೇಶಪಾಂಡೆ ಕೇಂದ್ರ ಆರಂಭವಾಯಿತು. ಮಾದರಿ ತಯಾರಿಸಿ ಪರೀಕ್ಷಿಸಲು ಸಣ್ಣ ಅನುದಾನ, ಜೊತೆಗೆ ಉದ್ಯಮ ಬಲ್ಲ ಮಾರ್ಗದರ್ಶಕರು.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು ಬಂದದ್ದು 2011ರಲ್ಲಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಐ-ಕೋರ್ ಕಾರ್ಯಕ್ರಮದೊಂದಿಗೆ. ಉದ್ಯಮಿ ಸ್ಟೀವ್ ಬ್ಲ್ಯಾಂಕ್ ಸ್ಟ್ಯಾನ್‌ಫರ್ಡ್‌ನಲ್ಲಿ ಕಲಿಸುತ್ತಿದ್ದ ಪಾಠಕ್ರಮವೇ ಇದರ ಆಧಾರ. ಹಿರಿಯ ಸಂಶೋಧಕ, ಉದ್ಯಮದ ಹೊಣೆ ಹೊರುವ ಕಿರಿಯ, ಅನುಭವಿ ಮಾರ್ಗದರ್ಶಕ ಇರುವ ತಂಡ ಸುಮಾರು ಏಳು ವಾರಗಳಲ್ಲಿ 100 ಮಂದಿ ಸಂಭಾವ್ಯ ಗ್ರಾಹಕರನ್ನು ಮಾತನಾಡಿಸಬೇಕು. ಅಲ್ಲಿ ತಮ್ಮ ಯಂತ್ರವನ್ನು ಹೊಗಳಿಕೊಳ್ಳುವಂತಿಲ್ಲ. ಎದುರಿಗಿರುವವರು ಈಗ ಆ ಕೆಲಸವನ್ನು ಹೇಗೆ ಮಾಡಿಕೊಳ್ಳುತ್ತಾರೆ, ಖರೀದಿಗೆ ಸಹಿ ಹಾಕುವವರು ಯಾರು ಎಂದು ಕೇಳಬೇಕು. ವರ್ಷಗಟ್ಟಲೆ ಉಪನ್ಯಾಸ ಕೊಟ್ಟವರಿಗೆ ಬಾಯಿ ಮುಚ್ಚಿ ಕೇಳಿಸಿಕೊಳ್ಳುವುದು ಸುಲಭವಲ್ಲ. ಕೊನೆಗೆ ತಂಡ ಮುಂದುವರಿಯಬೇಕೇ, ಕೈಬಿಡಬೇಕೇ ಎಂದು ತೀರ್ಮಾನಿಸುತ್ತದೆ. ‘ಬೇಡ’ ಎಂಬ ಉತ್ತರವೂ ಅಲ್ಲಿ ಸಮರ್ಪಕ ಫಲಿತಾಂಶವೇ. ಎಷ್ಟು ಕಂಪನಿಗಳು ಹುಟ್ಟಿದವು ಎಂದಷ್ಟೇ ಎಣಿಸುವ ವರದಿಗಳಲ್ಲಿ ಮಾತ್ರ ಅದಕ್ಕೆ ಜಾಗ ಸಿಗುವುದಿಲ್ಲ.