ಹೊಟ್ಟೆಗೆ ಚೀಲ ಹಾಕಿದ ಮೇಲೆ ರೊಟ್ಟಿ, ಮಂಡಕ್ಕಿ ಬಿಡಬೇಕಾ?

ಪ್ರಶ್ನೆ: ಅಪ್ಪನಿಗೆ ಕರುಳಿನ ಆಪರೇಷನ್ ಇದೆ. ಮಲ ಬಂದು ಬೀಳೋಕೆ ಹೊಟ್ಟೆ ಮೇಲೆ ಚೀಲ ಹಾಕ್ತಾರಂತೆ. ಆಮೇಲೆ ರೊಟ್ಟಿ, ಮುದ್ದೆ, ಮಂಡಕ್ಕಿ ಎಲ್ಲ ಬಿಡಬೇಕಾ? ಈಗಲೇ ಏನು ತಯಾರಿ ಮಾಡ್ಕೋಬೇಕು?

ಬಿಡಬೇಕಿಲ್ಲ. ಕೆಲವು ವಾರ ದೂರ ಇಡಬೇಕು, ಆಮೇಲೆ ಹೆಚ್ಚಿನವು ಒಂದೊಂದಾಗಿ ತಟ್ಟೆಗೆ ವಾಪಸ್ ಬರುತ್ತವೆ. ದಾವಣಗೆರೆ ಇರಲಿ, ಜಗಳೂರು ಇರಲಿ, ಚೀಲ ಅಂದ ತಕ್ಷಣ ಮನೆಯವರಿಗೆ ಮೊದಲು ಬರುವ ಚಿಂತೆಯೇ ಊಟದ್ದು. ಆದರೆ ನನಗೆ ಹೆಚ್ಚು ಭಯ ಆಗುವುದು ಬೇರೆ ವಿಷಯಕ್ಕೆ. ಚೀಲ ತುಂಬುತ್ತೆ, ಪದೇ ಪದೇ ಖಾಲಿ ಮಾಡಬೇಕಾಗುತ್ತೆ, ಬೇರೆಯವರಿಗೆ ತೊಂದರೆ ಅಂತ ಎಷ್ಟೋ ಜನ ಊಟ, ನೀರು ಎರಡನ್ನೂ ಸುಮ್ನೆ ಕಡಿಮೆ ಮಾಡಿಬಿಡುತ್ತಾರೆ. ದಯವಿಟ್ಟು ಇದಕ್ಕೆ ಬಿಡಬೇಡಿ. ಹೊಟ್ಟೆ ಖಾಲಿ ಇದ್ದರೆ ಗ್ಯಾಸ್ ಜಾಸ್ತಿಯಾಗುತ್ತೆ, ಗಾಯ ಮಾಯುವುದು ತಡವಾಗುತ್ತೆ, ಮೈಯಲ್ಲಿ ಶಕ್ತಿ ಇರಲ್ಲ.

ಮೊದಲು ಡಾಕ್ಟರ್ ಹತ್ತಿರ ಒಂದು ಪ್ರಶ್ನೆ ಕೇಳಿ: ಕೊಲಾಸ್ಟಮಿಯಾ, ಇಲಿಯಾಸ್ಟಮಿಯಾ? ಕೊಲಾಸ್ಟಮಿ ಅಂದರೆ ದೊಡ್ಡ ಕರುಳನ್ನು ಹೊಟ್ಟೆಯ ಹೊರಗೆ ತೆರೆಯುವುದು, ಸಾಮಾನ್ಯವಾಗಿ ಎಡಗಡೆ. ಮಲ ಸ್ವಲ್ಪ ಗಟ್ಟಿಯಾಗೇ ಬರುತ್ತೆ. ಇಲಿಯಾಸ್ಟಮಿಯಲ್ಲಿ ಸಣ್ಣ ಕರುಳಿನ ತುದಿ, ಹೆಚ್ಚಾಗಿ ಬಲಗಡೆ. ನೀರು ಹೀರಿಕೊಳ್ಳುವ ದೊಡ್ಡ ಕರುಳು ಇಲ್ಲಿ ಕೆಲಸಕ್ಕೇ ಬರುವುದಿಲ್ಲ, ಹಾಗಾಗಿ ಗಂಜಿಯಂತೆ ತೆಳ್ಳಗೆ ಬರುತ್ತೆ. ಊಟ, ನೀರಿನ ಲೆಕ್ಕ ನಿಜವಾಗಿ ಬಿಗಿ ಇರುವುದು ಇಲಿಯಾಸ್ಟಮಿಯವರಿಗೆ. ಚೀಲ ಕೆಲವು ತಿಂಗಳಿಗಾ, ಜೀವನಪೂರ್ತಿಯಾ ಅನ್ನುವುದನ್ನೂ ಆಗಲೇ ಕೇಳಿಬಿಡಿ.

ಆಪರೇಷನ್‌ಗೆ ಮೊದಲಿನ ತಯಾರಿಯಲ್ಲಿ ತುಂಬ ಮುಖ್ಯವಾದದ್ದು ಹೊಟ್ಟೆ ಮೇಲೆ ಪೆನ್ನಿನಲ್ಲಿ ಹಾಕುವ ಒಂದು ಗುರುತು. ಸ್ಟೋಮಾ, ಅಂದರೆ ಕರುಳಿನ ಆ ಬಾಯಿ, ಎಲ್ಲಿ ಬರಬೇಕು ಅಂತ ಸರ್ಜನ್ ಅಥವಾ ಸ್ಟೋಮಾ ನರ್ಸ್ ಮೊದಲೇ ಗುರುತು ಮಾಡಬೇಕು. ಮಾಡದಿದ್ದರೆ ನೀವೇ ಕೇಳಿ. ಅಪ್ಪ ಪಂಚೆ ಉಡುವವರಾದರೆ ಪಂಚೆ ಉಟ್ಟುಕೊಂಡೇ ಹೋಗಲಿ. ದಿನಾ ಕಟ್ಟುವ ಜಾಗದಲ್ಲೇ ಕಟ್ಟಲಿ. ನಿಲ್ಲಲಿ, ಮಂಚದ ಮೇಲೆ ಕೂರಲಿ, ಮುಂದಕ್ಕೆ ಬಗ್ಗಲಿ, ಊಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕುವ ಅಭ್ಯಾಸ ಇದ್ದರೆ ಹಾಗೂ ಕೂತು ತೋರಿಸಲಿ. ಮಲಗಿದಾಗ ಸಪಾಟಾಗಿ ಕಂಡ ಜಾಗ ಕೂತಾಗ ಮಡಿಕೆಯೊಳಗೆ ಹೋಗಿಬಿಡಬಹುದು. ಮಡಿಕೆಯಲ್ಲಿ, ಪಂಚೆ ಗಂಟಿನ ಕೆಳಗೆ ಅಥವಾ ಸೀರೆ ನೆರಿಗೆ ಸಿಕ್ಕಿಸುವ ಕಡೆ ಸ್ಟೋಮಾ ಬಂದರೆ ಚೀಲ ಸರಿಯಾಗಿ ಅಂಟಲ್ಲ, ಸೋರುತ್ತೆ, ಚರ್ಮ ಸುಟ್ಟ ಹಾಗೆ ಕೆಂಪಾಗುತ್ತೆ. ಇನ್ನೊಂದು ವಿಷಯ, ಗುರುತು ಅಪ್ಪನ ಕಣ್ಣಿಗೆ ಕಾಣಬೇಕು, ಕೈಗೆ ಎಟುಕಬೇಕು. ಚೀಲ ನೋಡಿಕೊಳ್ಳುವವರು ಕೊನೆಗೆ ಅವರೇ ಅಲ್ವಾ?

ಆಪರೇಷನ್ ದಿನ ಬರುವ ತನಕ ಮೊಟ್ಟೆ, ಬೇಳೆ, ಮೊಸರು, ಹಾಲು, ತಿನ್ನುವವರಾದರೆ ಕೋಳಿ ಚೆನ್ನಾಗಿ ಕೊಡಿ. ರಕ್ತ ಕಡಿಮೆ ಇದೆಯಾ ಅಂತ ನೋಡಿಸಿ. ಬೀಡಿ, ಸಿಗರೇಟು ಇವತ್ತೇ ನಿಲ್ಲಿಸಿ. ಎಷ್ಟು ಗಂಟೆ ಮೊದಲು ಊಟ, ನೀರು ನಿಲ್ಲಿಸಬೇಕು ಅನ್ನುವುದಕ್ಕೆ ಆಸ್ಪತ್ರೆಯವರ ಮಾತೇ ಕೊನೆ, ಪಕ್ಕದ ಬೆಡ್‌ನವರದ್ದಲ್ಲ.

ಈಗ ಊಟ. ಮೊದಲ ನಾಲ್ಕರಿಂದ ಆರು ವಾರ ಕರುಳು ಊದಿಕೊಂಡಿರುತ್ತೆ, ದಾರಿ ಕಿರಿದಾಗಿರುತ್ತೆ. ನಾರು ಕಡಿಮೆ ಇರುವ ಮೆತ್ತನೆ ಊಟ ಬೇಕು: ಮೆದು ಅನ್ನ, ತಿಳಿ ಬೇಳೆಸಾರು, ಇಡ್ಲಿ, ಮೊಸರನ್ನ, ಬೇಯಿಸಿದ ಮೊಟ್ಟೆ, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು. ರಾಗಿಯನ್ನು ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ಗಂಜಿ ಮಾಡಿ ಕೊಡಿ, ಮುದ್ದೆ ಆಮೇಲೆ. ಮೂರು ಹೊತ್ತು ತುಂಬ ತಿನ್ನುವ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ. ಮುದ್ದೆ ನುಂಗುವ ಊರಿನವರಿಗೆ ಇದು ಕಷ್ಟದ ಮಾತು, ಆದರೂ ಹೇಳಬೇಕು: ಪ್ರತಿ ತುತ್ತನ್ನೂ ನುಣ್ಣಗಾಗುವ ತನಕ ಅಗಿಯಬೇಕು.

ನಮ್ಮ ಮಂಡಕ್ಕಿಯ ವಿಷಯಕ್ಕೆ ಬಂದರೆ, ಮಂಡಕ್ಕಿಯಿಂದ ತೊಂದರೆ ಇಲ್ಲ. ಅದು ಅಕ್ಕಿಯೇ ತಾನೇ, ತೆಳ್ಳಗೆ ಬರುವುದನ್ನು ಗಟ್ಟಿ ಮಾಡಲೂ ಸಹಾಯ ಮಾಡುತ್ತೆ. ತೊಂದರೆ ಇರುವುದು ಜೊತೆಗೆ ಬೀಳುವ ಶೇಂಗಾ, ಹಸಿ ಈರುಳ್ಳಿ, ಕೊಬ್ಬರಿ, ಪಕ್ಕದಲ್ಲಿ ಕೂರುವ ಮೆಣಸಿನಕಾಯಿ ಬಜ್ಜಿಯಲ್ಲಿ. ನೆನೆಸಿ ಹಿಂಡಿ, ಅರಿಶಿನದ ಒಗ್ಗರಣೆ ಹಾಕಿ ಮೆತ್ತಗೆ ಮಾಡಿ ಕೊಡಿ. ಬೆಣ್ಣೆ ದೋಸೆಯೂ ಹೀಗೇ. ಸ್ವಲ್ಪ ಚೇತರಿಸಿಕೊಂಡ ಮೇಲೆ ಬೆಣ್ಣೆ ಕಡಿಮೆ ಹಾಕಿದ ದೋಸೆ, ಆಲೂಗಡ್ಡೆ ಪಲ್ಯ ತಿನ್ನಲಿ, ಕಾಯಿ ಚಟ್ನಿ ಬದಿಗಿರಲಿ. ಜೋಳದ ರೊಟ್ಟಿ ಆರು ವಾರದ ನಂತರ, ಬಿಸಿ ಸಾರಿನಲ್ಲಿ ನೆನೆಸಿ ಅರ್ಧದಿಂದ ಶುರು. ಹೊಸದನ್ನು ಒಂದು ಸಲಕ್ಕೆ ಒಂದೇ ಕೊಟ್ಟು ಎರಡು ದಿನ ನೋಡಿ. ಇಲಿಯಾಸ್ಟಮಿ ಇದ್ದವರು ಮೆಕ್ಕೆಜೋಳದ ವಿಷಯದಲ್ಲಿ ಮುಂದೆಯೂ ಎಚ್ಚರವಾಗಿರಬೇಕು. ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಅದೇ, ಮಳೆಗಾಲದಲ್ಲಿ ರಸ್ತೆ ಬದಿಯ ಸುಟ್ಟ ತೆನೆ ಯಾರಿಗಾದರೂ ಆಸೆಯಾಗುತ್ತೆ, ಆದರೆ ಕಾಳಿನ ಸಿಪ್ಪೆ ಕರಗದೆ ಸ್ಟೋಮಾದ ಬಾಯಿಯಲ್ಲಿ ಕಟ್ಟಿಕೊಳ್ಳಬಹುದು. ಬೀಟ್‌ರೂಟ್ ತಿಂದ ಮೇಲೆ ಚೀಲದಲ್ಲಿ ಕೆಂಪು ಕಂಡರೆ ಗಾಬರಿ ಬೇಡ, ತಿನ್ನದೇ ಕೆಂಪು ಕಂಡರೆ ಡಾಕ್ಟರಿಗೆ ಹೇಳಿ.

ನೀರಿನ ಬಗ್ಗೆ. ಚಿತ್ರದುರ್ಗ, ಚಳ್ಳಕೆರೆ ಕಡೆ ಏಪ್ರಿಲ್ ಬಿಸಿಲಲ್ಲಿ ಇಲಿಯಾಸ್ಟಮಿ ಇದ್ದವರು ಬೇಗ ಬಸವಳಿಯುತ್ತಾರೆ, ಯಾಕೆಂದರೆ ನೀರಿನ ಜೊತೆ ಉಪ್ಪೂ ಹೋಗುತ್ತೆ. ಬರೀ ನೀರು ಕುಡಿದಷ್ಟೂ ಚೀಲಕ್ಕೆ ಜಾಸ್ತಿ ಬರುವುದೂ ಉಂಟು. ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ಓಆರ್‌ಎಸ್ ಬೇಕು. ಮನೆಯಲ್ಲಿ ಮಾಡುವುದಾದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಿಪಿ, ಶುಗರ್, ಕಿಡ್ನಿ ತೊಂದರೆ ಇದ್ದರೆ ಮೊದಲೇ ಡಾಕ್ಟರನ್ನು ಕೇಳಿ. ಚೀಲ ಖಾಲಿ ಮಾಡುವಾಗ ಅಳತೆ ಇರುವ ಮಗ್ ಬಳಸಿ ಬರೆದಿಡಿ. ದಿನಕ್ಕೆ 1,500 ಮಿಲಿ ದಾಟಿತು, ಮೂತ್ರ ಕಡಿಮೆಯಾಯಿತು, ಎದ್ದರೆ ತಲೆ ಸುತ್ತುತ್ತೆ ಅಂದರೆ ಅವತ್ತೇ ಫೋನ್ ಮಾಡಿ.

ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ, ಭಾರಕ್ಕೆ ಕಿತ್ತು ಬರುವುದು ತಪ್ಪುತ್ತೆ. ಸ್ಟೋಮಾ ಮೊದಲ ಆರೆಂಟು ವಾರ ಸಣ್ಣದಾಗುತ್ತಾ ಹೋಗುತ್ತೆ, ಹಾಗಾಗಿ ಚೀಲದ ತೂತನ್ನು ಆಗಾಗ ಹೊಸದಾಗಿ ಅಳೆದು ಕತ್ತರಿಸಬೇಕು.

ಸ್ಟೋಮಾ ಕೆಂಪಗೆ, ಒದ್ದೆಯಾಗಿ ಇರಬೇಕು. ಕಪ್ಪು ಅಥವಾ ನೇರಳೆ ಬಣ್ಣಕ್ಕೆ ತಿರುಗಿದರೆ, ಇಲಿಯಾಸ್ಟಮಿಯಲ್ಲಿ ನಾಲ್ಕರಿಂದ ಆರು ಗಂಟೆ ಏನೂ ಬರದೆ ಹೊಟ್ಟೆ ಹಿಂಡುತ್ತಿದ್ದರೆ, ವಾಂತಿಯಾದರೆ, ಭೇದಿ ಮಾಡಿಸುವ ಮಾತ್ರೆ ಕೊಡಲೇಬೇಡಿ. ಬೆಳಿಗ್ಗೆ ನೋಡೋಣ ಅಂತ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.