ನೆರಳಲ್ಲೂ ಬಿಸಿಲು ಬಡಿಯುತ್ತೆ

ಹೋದ ಬೇಸಿಗೆಯಲ್ಲಿ ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಿಂದ ಒಬ್ಬರನ್ನು ಆಟೊದಲ್ಲಿ ಹಾಕಿಕೊಂಡು ಚಿಕಿತ್ಸೆಗೆ ನನ್ನ ಹತ್ತಿರ ಬಂದರು. ಮಾತು ತೊದಲುತ್ತಿತ್ತು. ಹೆಂಡತಿಯ ಗುರುತೂ ಸಿಗುತ್ತಿರಲಿಲ್ಲ. ಮೈ ಮುಟ್ಟಿದರೆ ಕೆಂಡ.

"ಜ್ವರ ಅಂತ ಎರಡು ಮಾತ್ರೆ ಕೊಟ್ವಿ ಮೇಡಂ, ಇಳೀಲೇ ಇಲ್ಲ. ಬಿಸಿಲಿಗೂ ಹೋಗಿರ್ಲಿಲ್ಲ, ಒಳಗೇ ಇದ್ರು" ಅಂದರು ಆಕೆ.

ಆ ಮಾತ್ರೆಗೆ ಇಳಿಯುವ ಬಿಸಿಯಲ್ಲ ಇದು. ಜ್ವರದಲ್ಲಿ ಮೆದುಳೇ ಮೈಯ ಬಿಸಿಯನ್ನು ಏರಿಸಿಟ್ಟಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಇದು ಹೀಟ್ ಸ್ಟ್ರೋಕ್, ಅಂದರೆ ಬಿಸಿಯ ಹೊಡೆತ. ಇದರಲ್ಲಿ ಬಿಸಿ ಹೊರಹೋಗುವ ದಾರಿಯೇ ಕಟ್ಟಿರುತ್ತದೆ. ಬೆವರು ಹರಿದರೆ ಸಾಲದು, ಆರಬೇಕು. ಎದುರಿಗೆ ಉರಿ, ತಲೆ ಮೇಲೆ ತಗಡಿನ ಶೀಟು, ಗಾಳಿಯಿಲ್ಲ ಅಂದರೆ ಅದು ಹೇಗೆ ಆರೀತು? ಮೈಯೊಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ ಬುದ್ಧಿ ಮಂಕಾಯಿತು ಅಂದರೆ ಕಿಡ್ನಿ, ಲಿವರ್‌ಗೂ ಪೆಟ್ಟು ಶುರು. ದುಡಿಯುವವರಲ್ಲಿ ಮೈ ತೊಯ್ದಿದ್ದರೂ ಹೀಗಾಗಬಹುದು. ಬೆವರುತ್ತಿದ್ದಾರಲ್ಲ ಅಂತ ಸುಮ್ನಿರಬೇಡಿ.

108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಸುರಿದು ಗಾಳಿ ಬೀಸುತ್ತಿರಿ. ಆದರೆ ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು, ಮಜ್ಜಿಗೆ ಏನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಆಪತ್ತು.

ಇನ್ನು ಸರ್ಕಾರದ ಲೆಕ್ಕ. ನಮ್ಮಂಥ ಬಯಲುಸೀಮೆಯಲ್ಲಿ ಬಿಸಿಗಾಳಿ ಅನ್ನಬೇಕಾದರೆ 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. ಇಲ್ಲವೇ ನೇರ 45 ಮುಟ್ಟಬೇಕು. ಅದನ್ನು ಅಳೆಯುವುದು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಲ್ಲಿ. ಭಟ್ಟಿ ಮುಂದೆ ಯಾರೂ ಥರ್ಮಾಮೀಟರ್ ಹಿಡಿಯುವುದಿಲ್ಲ. ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ 1.30ರವರೆಗೆ ಮಾತ್ರ. ಒಳ್ಳೆಯದೇ. ಆದರೆ ಫ್ಯಾನ್ ಕೆಳಗೆ ಕೂತವರಿಗಿಂತ ಮೊದಲು ಈ ಅನುಕೂಲ ಸಿಗಬೇಕಾದ್ದು ಮೂಟೆ ಹೊರುವ ಹಮಾಲರಿಗೆ, ಗಾರೆ ಕೆಲಸದವರಿಗೆ ಅಲ್ವಾ? 2010ರ ಬೇಸಿಗೆಯಲ್ಲಿ ಜನ ಸತ್ತ ಮೇಲೆ ಅಹಮದಾಬಾದ್ 2013ರಲ್ಲೇ ಬಿಸಿಲಿನಿಂದ ಜನರನ್ನು ಕಾಯಲು ನಗರಕ್ಕೊಂದು ಯೋಜನೆ ಮಾಡಿಕೊಂಡಿತು. ನಮ್ಮ ಊರಿನ ಯೋಜನೆ ಭಟ್ಟಿಯಿಂದ ಶುರುವಾಗಲಿ.

ಅರವಟ್ಟಿಗೆ ಇಟ್ಟರೆ ಮುಗಿಯಿತು ಅಂತಲೂ ತಿಳಿಯಬೇಡಿ. ಕಟ್ಟಡದ ಕೆಲಸಕ್ಕೆ ಹೋಗುವ ಹೆಂಗಸರು ನನ್ನ ಹತ್ತಿರ ಮೆಲ್ಲಗೆ ಹೇಳುತ್ತಾರೆ: "ನೀರು ಐತ್ರಿ ಮೇಡಂ, ಕುಡಿದ್ರೆ ಎಲ್ಲಿಗೆ ಹೋಗೋಣ?"