ಕ್ವೆರಿ ತಿದ್ದಿ ಬರೆದರೆ ಎಷ್ಟು ಉಳಿತಾಯ? ಕಾಸ್ಟ್ ಲೆಕ್ಕ ಹಾಕುವ ಬಗೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕ್ವೆರಿ ತಿದ್ದಿದ ಕೂಡಲೇ ನಾವು ನೋಡುವುದು ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುವ ಕಮಾಂಡ್) ಕೊಡುವ ಕಾಸ್ಟ್ ಸಂಖ್ಯೆಯನ್ನು. ಅದು ಮಿಲಿಸೆಕೆಂಡ್ ಅಲ್ಲ, ಕೆಲಸ ಎಷ್ಟು ಅನ್ನುವ ಅಂದಾಜು. ಪೇಜ್‌ಗಳನ್ನು (ಟೇಬಲ್‌ನ ಡೇಟಾ ಇಡುವ ತುಂಡುಗಳು) ಒಂದಾದ ಮೇಲೊಂದರಂತೆ ಓದಿದರೆ ಪೇಜ್‌ಗೆ 1, ಅಲ್ಲೊಂದು ಇಲ್ಲೊಂದು ಹೆಕ್ಕಿದರೆ 4, ಒಂದು ರೋಗೆ 0.01, ಒಂದು ಹೋಲಿಕೆಗೆ ಅಥವಾ ಫಂಕ್ಷನ್‌ಗೆ 0.0025. ಡೀಫಾಲ್ಟ್ ದರ ಇವು, ಕಾಗದದ ಮೇಲೆ ಕೂಡಿಸಿ ನೋಡಬಹುದು.

ಒಂದು ಆರ್ಡರ್ ಟೇಬಲ್ ಇದೆ ಅಂದುಕೊಳ್ಳಿ. 10 ಲಕ್ಷ ರೋ, 10,000 ಪೇಜ್, ಆರ್ಡರ್ ಆದ ಸಮಯದ ಕಾಲಂ ಮೇಲೆ ಇಂಡೆಕ್ಸ್ (ಬೇಕಾದ ರೋ ಬೇಗ ಹುಡುಕಲು ಇಟ್ಟ ಸೂಚಿ). ಒಂದು ದಿನದ್ದು ಬೇಕು, ಅದು 2,000 ರೋ. ಕಾಲಂ ಅನ್ನು ಡೇಟ್ ಫಂಕ್ಷನ್‌ನಲ್ಲಿ ಸುತ್ತಿ ಆ ದಿನಕ್ಕೆ ಸಮ ಅಂತ ಬರೆದರೆ ಆ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ, ಇಡೀ ಟೇಬಲ್ ಓದಬೇಕು. ಪೇಜ್‌ಗಳಿಗೆ 10,000, ರೋಗಳಿಗೆ 10,000, ಫಂಕ್ಷನ್ ಮತ್ತು ಹೋಲಿಕೆಗೆ 5,000. ಒಟ್ಟು 25,000 (ಹಲವು ಪ್ರೊಸೆಸ್‌ಗಳು ಕೆಲಸ ಹಂಚಿಕೊಳ್ಳುವ ಪ್ಯಾರಲಲ್ ಲೆಕ್ಕ ಬಿಟ್ಟು).

ಈಗ ಫಂಕ್ಷನ್ ತೆಗೆದು, ಆ ದಿನದ ಮಧ್ಯರಾತ್ರಿಯಿಂದ ಮರುದಿನದ ಮಧ್ಯರಾತ್ರಿಯೊಳಗೆ ಅಂತ ತಿದ್ದಿ. ಇಂಡೆಕ್ಸ್ ಸಿಗುತ್ತದೆ. ಆದರೆ ಉಳಿತಾಯ ಎಷ್ಟು ಅನ್ನುವುದು ಡೇಟಾ ಹೇಗೆ ಕೂತಿದೆ ಅನ್ನುವುದರ ಮೇಲಿದೆ: ರೋಗಳು ಸಮಯದ ಕ್ರಮದಲ್ಲೇ ಇದ್ದರೆ ಟೇಬಲ್‌ನ 20 ಪೇಜ್ ಸಾಕು, ಕಾಸ್ಟ್ 100ರ ಆಸುಪಾಸು, ಟೇಬಲ್ ತುಂಬ ಚೆಲ್ಲಿದ್ದರೆ 1,800 ಪೇಜ್ ಮುಟ್ಟಬೇಕಾಗುತ್ತದೆ, ಬಿಟ್‌ಮ್ಯಾಪ್ ಸ್ಕ್ಯಾನ್ (ಬೇಕಾದ ಪೇಜ್‌ಗಳನ್ನು ಮೊದಲು ಗುರುತಿಸಿ ಕ್ರಮವಾಗಿ ಓದುವುದು) ಬಳಸಿದರೂ 5,000 ಹತ್ತಿರ. ತಿದ್ದಿದ್ದು ಒಂದೇ ಸಾಲು, ಫಲ ಮಾತ್ರ ಐವತ್ತು ಪಟ್ಟು ಬೇರೆ!

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಫಂಕ್ಷನ್ ಸುತ್ತಿದ ಕಾಲಂಗೆ ಸಾಮಾನ್ಯವಾಗಿ ಅಂಕಿಅಂಶ ಇರುವುದಿಲ್ಲ, ಹಾಗಾಗಿ ಪ್ಲಾನರ್ (ಕ್ವೆರಿ ಓಡಿಸುವ ದಾರಿ ಆರಿಸುವ ಭಾಗ) ಸುಮ್ನೆ 0.5 ಶೇಕಡಾ ಅಂತ ಹಿಡಿಯುತ್ತದೆ, ಅಂದರೆ 5,000 ರೋ. ನಿಜ 2,000. ಮುಂದೆ ಜಾಯಿನ್ (ಇನ್ನೊಂದು ಟೇಬಲ್ ಜೊತೆ ಜೋಡಣೆ) ಇದ್ದರೆ ಈ ತಪ್ಪು ಅಲ್ಲಿಗೂ ಹೋಗುತ್ತದೆ, ಆಗ ಹಳೆಯ ಕಾಸ್ಟ್ ಮತ್ತು ಹೊಸ ಕಾಸ್ಟ್ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಏನೂ ತಿಳಿಯುವುದಿಲ್ಲ, ಅಲ್ವಾ? ನಾನು ಮೊದಲು ರೋ ಅಂದಾಜನ್ನು ನಿಜವಾದ ರೋ ಲೆಕ್ಕದ ಜೊತೆ ನೋಡುತ್ತೇನೆ. ಎರಡೂ ಹತ್ತಿರ ಇದ್ದರೆ ಮಾತ್ರ ಕಾಸ್ಟ್ ಕಡೆ ಕಣ್ಣು.

ನಿಜವಾದ ಲೆಕ್ಕಕ್ಕೆ ಎಕ್ಸ್‌ಪ್ಲೇನ್ ಅನಲೈಸ್ ಬೇಕು, ಜೊತೆಗೆ ಬಫರ್ಸ್ (ಎಷ್ಟು ಪೇಜ್ ಮುಟ್ಟಿತು ಅಂತ ತೋರಿಸುವ ಆಯ್ಕೆ). ಎರಡೂ ಕ್ವೆರಿಗಳನ್ನು ಎರಡೆರಡು ಸಲ ಓಡಿಸಿ, ಯಾಕೆಂದರೆ ಮೊದಲ ಸಲ ಡಿಸ್ಕ್‌ನಿಂದ ಬಂದ ಪೇಜ್ ಎರಡನೇ ಸಲ ಮೆಮೊರಿಯಲ್ಲೇ ಸಿಗಬಹುದು. ಮತ್ತೆ, ಎಕ್ಸ್‌ಪ್ಲೇನ್ ಅನಲೈಸ್ ಕ್ವೆರಿಯನ್ನು ನಿಜಕ್ಕೂ ಓಡಿಸುತ್ತದೆ. ಅಪ್‌ಡೇಟ್, ಡಿಲೀಟ್ ಇದ್ದರೆ ಬಿಗಿನ್ ಹಾಕಿ ಶುರು ಮಾಡಿ, ಕೊನೆಗೆ ರೋಲ್‌ಬ್ಯಾಕ್ ಮಾಡಿ (ಬದಲಾವಣೆ ರದ್ದಾಗುತ್ತದೆ).